ಒಂದು ತಟ್ಟಿದರೆ, ಎರಡು ತಟ್ಟಿದರೆ

ಮಾರ್ಚ್ ೩, ಸೋಮವಾರ

ಡಾಕ್ಟರಮ್ಮ ಇವತ್ತು ನನ್ನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಮೇಜಿನ ಖಾನೆಯಿಂದ ನಾಲ್ಕು ಪುಟದ ಒಂದು ಫಾರಂ ತೆಗೆದು ಕೊಟ್ಟರು. ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಈ ಶ್ವಾಸಕೋಶ ಇನ್ನೆಷ್ಟು ದಿನ ಎಳೆಯುತ್ತದೆ ಎಂದು ಕೇಳಿದೆ. "ಅದನ್ನ ಹೇಳೋಕಾಗಲ್ಲ, ಆದ್ರೆ ಇದನ್ನ ತುಂಬಿಡೋಕಾಗುತ್ತೆ" ಅಂದರು. ಜಾಣೆ.

ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವನಿಗೆ ಫಾರಂ ತುಂಬುವುದೇನು ಹೊಸದಲ್ಲ. ಕಿಟಕಿಯ ಗಾಜು ಒಡೆದರೆ ಒಂದು ಫಾರಂ, ಯಾರಾದರೂ ಕೊಡೆ ಮರೆತು ಇಳಿದರೆ ಒಂದು ಫಾರಂ. ಆದರೆ ಇದು ಬೇರೆ ಜಾತಿಯದು. ಮುಂದೊಂದು ದಿನ ನನಗೆ ಮಾತು ನಿಂತರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಉಸಿರಾಟದ ಯಂತ್ರ ಹಾಕಬೇಕೆ, ಕೊನೆಯ ದಿನಗಳಿಗೆ ಮನೆಯೋ ಆಸ್ಪತ್ರೆಯೋ, ಹೀಗೆ. ಎರಡು ಪುಟ ಸರಸರ ತುಂಬಿದೆ. ಮೂರನೆಯ ಪುಟದ ನಡುವೆ ಪೆನ್ನು ನಿಂತಿತು. "ನನ್ನ ಪರವಾಗಿ ಮಾತನಾಡುವವರ ಹೆಸರು" ಎಂದು ಬರೆದು ಮುಂದೆ ಒಂದು ಗೆರೆ ಎಳೆದಿದ್ದಾರೆ. ಗೆರೆ ಒಂದೇ. ನನಗೆ ಮಕ್ಕಳು ಇಬ್ಬರು.

ಐದು ವರ್ಷದ ಹಿಂದೆ ನನ್ನಾಕೆ ಲಕ್ವ ಹೊಡೆದು ಮಾತಿಲ್ಲದೆ ಮಲಗಿದ್ದಾಗ, ಯಂತ್ರ ಹಾಕೋಣವೇ ಎಂದು ಡಾಕ್ಟರು ಕೇಳಿದರು. ಮಗಳು ಬೇಡ ಅಂದಳು. ಮಗ ಹಾಕಲೇಬೇಕು ಅಂದ. ಹಾಕಿದರು. ಹನ್ನೊಂದು ದಿನ ಇದ್ದಳು. ಅವಳು ಹೋದ ದಿನ ಆಸ್ಪತ್ರೆಯ ಬಾಗಿಲಲ್ಲೇ ಮಗಳು, "ನಿನ್ ಹಟಕ್ಕೆ ಅಮ್ಮ ಹನ್ನೊಂದು ದಿನ ನರಳಿದ್ಲು" ಅಂದಳು. ಮಗ, "ನಿಂಗೆ ಅಮ್ಮ ಬೇಗ ಹೋದ್ರೆ ಸಾಕಾಗಿತ್ತು" ಅಂದ. ಆಮೇಲೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ನಾನು ಇಬ್ಬರ ನಡುವೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನನ್ನ ಮಂಚದ ಪಕ್ಕ ಅದೇ ಜಗಳ ಮತ್ತೊಮ್ಮೆ ಆಗಬಾರದು. ನನಗೆ ಬೇಕಾಗಿರುವುದು ಇಷ್ಟೇ. ಈ ನೋಟ್‌ಬುಕ್ ತೆಗೆದದ್ದೂ ಅದಕ್ಕೇ, ಯೋಚನೆ ಮಾಡಲು ಒಂದು ಜಾಗ ಬೇಕಲ್ಲ.

ಮಾರ್ಚ್ ೫, ಬುಧವಾರ

ನಮ್ಮ ಮನೆಗೊಂದು ಟೈಮ್‌ಟೇಬಲ್ ಇದೆ. ಬುಧವಾರ ಸಂಜೆ ಮಗಳು, ಭಾನುವಾರ ಬೆಳಿಗ್ಗೆ ಮಗ. ಎರಡು ಬಸ್ಸೂ ಒಂದೇ ನಿಲ್ದಾಣಕ್ಕೆ ಬರುತ್ತವೆ, ಎಂದೂ ಎದುರುಬದುರಾಗುವುದಿಲ್ಲ. ಯಾರೂ ಕೂತು ಮಾಡಿದ್ದಲ್ಲ, ಹಾಗೇ ರೂಢಿಯಾಗಿಬಿಟ್ಟಿದೆ.

ಮಗಳು ಶಾಲೆಯಲ್ಲಿ ಗಣಿತದ ಟೀಚರ್. ಫಾರಂ ಸುದ್ದಿ ಹೇಳಿದ್ದೇ ತಡ, ಚೀಲದಿಂದ ಪ್ಲಾಸ್ಟಿಕ್ ಫೈಲು, ಬಣ್ಣದ ಅಂಟುಚೀಟಿ, ಮೂರು ಬಗೆಯ ಪೆನ್ನು ಹೊರಬಂದವು. ಇವಳು ಯಾವಾಗಲೂ ಇದನ್ನೆಲ್ಲ ಹೊತ್ತುಕೊಂಡೇ ಓಡಾಡುತ್ತಾಳೋ ಏನೋ.

"ಎಲ್ಲಾ ಒಂದೇ ಕಡೆ ಇರ್ಲಿ ಅಪ್ಪ. ಮಾತ್ರೆ ಪಟ್ಟಿ, ಬೀಗದ ಕೈ, ಯಾರ್ ಯಾರಿಗೆ ಫೋನ್ ಮಾಡ್ಬೇಕು, ನಿನ್ ರಕ್ತದ ಗುಂಪು."

"ಸತ್ತ ಮೇಲೆ ರಕ್ತದ ಗುಂಪು ಕಟ್ಕೊಂಡು ಏನ್ ಮಾಡ್ತೀಯ?"

"ಸಾಯೋಕ್ ಮುಂಚೆ ಬೇಕಾಗುತ್ತೆ" ಅಂದಳು, ತಲೆ ಎತ್ತದೆ.

ಬೀಗದ ಕೈಗಳನ್ನು ಮೇಜಿನ ಮೇಲೆ ಸುರಿದುಕೊಂಡು ಕೂತೆವು. ಹದಿನಾಲ್ಕು ಇದ್ದವು. ಮನೆಯಲ್ಲಿ ಇರುವ ಬೀಗ ಐದು. ಉಳಿದ ಒಂಬತ್ತು ಯಾವುದರವು ಎಂದು ಕೇಳಿದಳು. ಇರಲಿ ಬಿಡು, ಎಂದಾದರೂ ಬೇಕಾದೀತು ಅಂದೆ. "ಇದೇ ಅಪ್ಪ, ನಮಗೆ ಬಿಟ್ಟುಹೋಗೋ ತಲೆನೋವು ಅಂದ್ರೆ ಇದೇ" ಎಂದು ಒಂಬತ್ತನ್ನೂ ಕಸದ ಬುಟ್ಟಿಗೆ ಹಾಕಿದಳು. ಅವಳು ಕೈ ತೊಳೆಯಲು ಹೋದಾಗ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಡಿಪೋದಲ್ಲಿ ನನ್ನ ಪೆಟ್ಟಿಗೆಯ ಕೀಲಿ ಅದು. ಆ ಪೆಟ್ಟಿಗೆ ಈಗ ಇಲ್ಲ.

ಹೋಗುವ ಮುಂಚೆ ಫಾರಂ ತಿರುವಿದಳು. ಮೂರನೆಯ ಪುಟದ ಖಾಲಿ ಗೆರೆಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

ಮಾರ್ಚ್ ೯, ಭಾನುವಾರ

ಮಗನಿಗೆ ಕನ್ನಡಕದ ಅಂಗಡಿ. ನಾನು ಫಾರಂ ಎಂದು ಬಾಯಿ ತೆರೆಯುವಷ್ಟರಲ್ಲಿ "ಬಿಡ್ತು ಅನ್ನಪ್ಪ" ಅಂದ. ಮುಖದಿಂದ ನನ್ನ ಕನ್ನಡಕ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ.

"ಈ ಮೂಗಿನ ಪ್ಯಾಡ್ ನೋಡು. ಹೀಗಿದ್ರೆ ಜಗತ್ತೆಲ್ಲ ಓರೆ ಕಾಣುತ್ತೆ. ನಿಂಗೆ ಕಾಯಿಲೆ ಇಲ್ಲ, ನಿನ್ ಕನ್ನಡಕಕ್ಕೆ ಕಾಯಿಲೆ."

ಕನ್ನಡಕವಿಲ್ಲದೆ ನನಗೆ ಅವನು ಒಂದು ಬಣ್ಣದ ಮುದ್ದೆಯಾಗಿ ಕಾಣುತ್ತಿದ್ದ. ಆ ಮುದ್ದೆಗೇ ಹೇಳಿದೆ, ಅಡುಗೆಮನೆಯ ಸಿಂಕಿನ ಕೆಳಗೆ ಒಂದು ತಿರುಪು ಇದೆ, ನಲ್ಲಿ ಕಿತ್ತುಹೋದರೆ ಮೊದಲು ಅದನ್ನು ತಿರುಗಿಸಬೇಕು, ಬಾ ತೋರಿಸುತ್ತೇನೆ ಎಂದು.

"ನೀನಿದ್ದೀಯಲ್ಲ."

"ನಾನಿಲ್ದಾಗ?"

ಅವನು ಕನ್ನಡಕ ಒರೆಸಿ ನನ್ನ ಮೂಗಿನ ಮೇಲಿಟ್ಟು, ಸಿಂಕಿನ ಕೆಳಗೆ ನುಗ್ಗಿ ಆ ತಿರುಪನ್ನು ಮೂರು ಸಲ ತಿರುಗಿಸಿ ನೋಡಿದ. ಎದ್ದು ಬಂದವನ ಕಣ್ಣು ಫೈಲಿಗೆ ಮಗಳು ನಂಬರು ಬರೆದು ಅಂಟಿಸಿದ್ದ ಬಣ್ಣದ ಚೀಟಿಗಳ ಮೇಲೆ ಬಿತ್ತು. "ಈ ಏಳು ಅವಳದ್ದೇ. ಬಾಲ ನೋಡು" ಅಂದ. ಅಷ್ಟೇ. ಒಂದು ಚೀಟಿ ಅಂಟು ಬಿಟ್ಟು ನೇತಾಡುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ ಹೋದ.

ಮಾರ್ಚ್ ೧೪, ಶುಕ್ರವಾರ

ಡ್ರೈವರ್ ಬಂದಿದ್ದ. ಇಪ್ಪತ್ತೆರಡು ವರ್ಷ ಅವನು ಮುಂದೆ, ನಾನು ಹಿಂದೆ, ಒಂದೇ ಬಸ್ಸು. ಈಗ ಅವನ ಎರಡು ಕಿವಿಯೂ ಮಂದ. ಇಂಜಿನ್ ಪಕ್ಕ ಕೂತವರ ಗತಿಯೇ ಅದು. ನಾನು ಕೂಗಬೇಕು, ನನಗೆ ಉಸಿರಿಲ್ಲ. ಚೆನ್ನಾಗಿದೆ ನಮ್ಮ ಸಂಭಾಷಣೆ.

"ಕಂಡಕ್ಟ್ರೇ, ನನ್ ಹೆಸರು ಬರ್ದುಬಿಡು ಆ ಗೆರೆ ಮೇಲೆ. ನಿನ್ ಮಾತು ನನ್ನಷ್ಟು ಕೇಳ್ದೋರು ಯಾರಿದ್ದಾರೆ?"

"ಈಗ ಕೇಳ್ಸಲ್ವಲ್ಲೋ ನಿಂಗೆ!"

"ಏನು?"

ಆದರೆ ಅವನು ಹೇಳಿದ್ದು ನಿಜ. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಜನ ಕಿಕ್ಕಿರಿದು ಸೀಟಿ ಬಾಯಿಗೆ ಎಟುಕದಿದ್ದಾಗ ಬಸ್ಸಿನ ಮೈಗೆ ತಟ್ಟುತ್ತಿದ್ದೆ. ಲೆಕ್ಕ ಅದೇ, ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು. ಅವನು ಒಮ್ಮೆಯೂ ಹಿಂತಿರುಗಿ ನೋಡಿದವನಲ್ಲ. ಮೆಟ್ಟಿಲ ಮೇಲೆ ಕೈಗೂಸು ಇದ್ದರೂ, ಮುದುಕರಿದ್ದರೂ, ನನ್ನ ಎರಡು ಕೇಳಿಸಿದರೆ ಗೇರು ಹಾಕುತ್ತಿದ್ದ. ಅಷ್ಟು ನಂಬಿಕೆ.

ಆ ಚಾಳಿ ಮನೆಯವರೆಗೂ ಬಂದಿತ್ತು. ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ ಎರಡು ತಟ್ಟಿದರೆ ಇನ್ನೊಂದು ಸೌಟು ಬಡಿಸು, ಒಂದು ತಟ್ಟಿದರೆ ಸಾಕು. "ಇದು ಮನೆ, ಡಿಪೋ ಅಲ್ಲ" ಎಂದು ನನ್ನಾಕೆ ಬೈಯುತ್ತಿದ್ದಳು, ಬೈಯುತ್ತಲೇ ಬಡಿಸುತ್ತಿದ್ದಳು. ಮಕ್ಕಳೂ ಕಲಿತರು. ಒಂದು ವರ್ಷ ಮನೆಯಲ್ಲಿ ಊಟದ ಹೊತ್ತಿಗೆ ಬಾಯಿಂದ ಮಾತೇ ಬರುತ್ತಿರಲಿಲ್ಲ, ಬರೀ ತಟ್ಟೆಯ ಸದ್ದು. ಕೊನೆಗೆ ಅವಳೂ ಸೋತು ಅದನ್ನೇ ಮಾಡತೊಡಗಿದಳು.

ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರನ್ನೂ ಅವರು ಇಳಿಯುವ ಜಾಗ ದಾಟಿಸಿ ಕರೆದುಕೊಂಡು ಹೋದವನಲ್ಲ ನಾನು.

ಒಬ್ಬರನ್ನೂ ಎಂದು ಬರೆದೆ. ಇರಲಿ.

ಮಾರ್ಚ್ ೨೧, ಶುಕ್ರವಾರ

ಒಂದು ವಾರ ಕೂತು ಫಾರಮ್ಮಿಗೆ ಲಗತ್ತು ಎಂದು ನನ್ನದೇ ನಿಯಮಾವಳಿ ಬರೆದಿದ್ದೇನೆ. ಹತ್ತೊಂಬತ್ತು ಪುಟ. ನಿಯಮ ೧ರಿಂದ ೬೩. ಜ್ವರ ಮೂರು ದಿನಕ್ಕಿಂತ ಹೆಚ್ಚಾದರೆ ನಿಯಮ ೧೨, ಪ್ರಜ್ಞೆ ಇದ್ದು ಮಾತಿಲ್ಲದಿದ್ದರೆ ನಿಯಮ ೧೭ರಿಂದ ೨೫, ಮಕ್ಕಳಲ್ಲಿ ಭಿನ್ನಾಭಿಪ್ರಾಯ ಬಂದರೆ ನಿಯಮ ೪೦ರ ಅ, ಆ, ಇ. ಯಾವ ಕಡೆಯಿಂದಲೂ ಜಗಳ ನುಗ್ಗದಂತೆ ಬಾಗಿಲು ಹಾಕಿದ್ದೇನೆ.

ಡ್ರೈವರನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಿಯಮ ಹದಿನಾಲ್ಕರ ಹೊತ್ತಿಗೆ ಅವನ ಗದ್ದ ಎದೆಗೆ ತಾಗಿತ್ತು. ಮೊಣಕೈಯಿಂದ ತಿವಿದೆ.

"ಚೆನ್ನಾಗಿದೆ" ಅಂದ ಕಣ್ಣುಜ್ಜಿಕೊಳ್ಳುತ್ತಾ. "ಆದ್ರೆ ಓದೋರು ಯಾರು? ಅಷ್ಟ್ ಹೊತ್ತಿಗೆ ನಿನ್ ಮಕ್ಕಳ ಕಣ್ಣಲ್ಲಿ ನೀರು ತುಂಬ್ಕೊಂಡಿರುತ್ತೆ ಕಣೋ. ಇಷ್ಟ್ ಸಣ್ಣ ಅಕ್ಷರ ಹೇಗ್ ಕಾಣುತ್ತೆ?"

ನನಗೆ ಸಿಟ್ಟು ಬಂತು. ಅವನಿಗೇನು ಗೊತ್ತು, ಬರೆಯುವ ಕಷ್ಟ. ಚಹಾಕ್ಕೂ ನಿಲ್ಲಿಸಿಕೊಳ್ಳದೆ ಕಳಿಸಿದೆ.

ಮಾರ್ಚ್ ೨೬, ಬುಧವಾರ

ಮಗಳು ಹತ್ತೊಂಬತ್ತು ಪುಟವನ್ನೂ ಓದಿದಳು, ಪರೀಕ್ಷೆಯ ಪೇಪರ್ ನೋಡುವ ಹಾಗೆ. ಎರಡು ಕಡೆ ಕಾಗುಣಿತ ತಿದ್ದಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದಳು.

"ಹೆಸರು ಯಾರ್ದಪ್ಪ?"

"ಯೋಚನೆ ಮಾಡ್ತಿದ್ದೀನಿ."

"ಅರವತ್ಮೂರು ನಿಯಮ ಬರ್ದಿದ್ದೀಯ, ಒಂದು ಹೆಸರು ಬರ್ಯೋಕಾಗ್ಲಿಲ್ವಾ?"

"ನಿನ್ ಹೆಸರು ಬರೆದ್ರೆ ಅವನಿಗೆ ನೋವು. ಅವನದು ಬರೆದ್ರೆ ನಿಂಗೆ."

ಎದ್ದು ನಿಂತಳು. ಅವಳ ಗಲ್ಲ ನಡುಗುತ್ತಿತ್ತು. ಚಿಕ್ಕಂದಿನಲ್ಲಿ ಅಳು ತಡೆದುಕೊಳ್ಳುವಾಗಲೂ ಹೀಗೇ.

"ನೀನು ಅವತ್ತೂ ಹಿಂಗೇ ಮಾಡ್ದೆ ಅಪ್ಪ. ನಾನು ಬೇಡ ಅಂದೆ, ಅವನು ಬೇಕು ಅಂದ, ನೀನು ಗೋಡೆ ನೋಡ್ಕೊಂಡು ನಿಂತಿದ್ದೆ. ಯಾವ್ ಕಡೆಗಾದ್ರೂ ಆಗ್ಲಿ, ನೀನೊಂದು ಮಾತು ಆಡಿದ್ರೆ ನಾವಿಬ್ರೂ ಉಳ್ಕೋತಿದ್ವಿ."

ಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಧಡ್ ಎಂದು ಹಾಕಿದ್ದರೆ ಚೆನ್ನಾಗಿತ್ತು.

ಮಾರ್ಚ್ ೩೦, ಭಾನುವಾರ

ಮಗ ಬಂದಿದ್ದ. ಅವನನ್ನು ಗೇಟಿನವರೆಗೆ ಬಿಟ್ಟು ಬಂದೆ. ಮನೆಯ ಮುಂದೆ ಏಳು ಮೆಟ್ಟಿಲು. ಮೂರಕ್ಕೆ ನಿಂತೆ. ಹೂಕುಂಡ ನೋಡುವವನ ಹಾಗೆ ನಿಂತೆ, ಯಾರಾದರೂ ನೋಡಿದರೆ ಎಂದು.

ಏಪ್ರಿಲ್ ೧೭, ಗುರುವಾರ

ಅಕ್ಷರ ಸೊಟ್ಟಗೆ ಬರುತ್ತಿದೆ. ಕೈಯಲ್ಲಿ ಇನ್ನೂ ಶಕ್ತಿ ಇಲ್ಲ. ಮೊನ್ನೆ ಮನೆಗೆ ಬಂದೆ. ಆದದ್ದನ್ನು ಬರೆದಿಡಬೇಕು, ಸ್ವಲ್ಪಸ್ವಲ್ಪವಾಗಿ.

ಏಪ್ರಿಲ್ ಎರಡು ಬುಧವಾರ. ಸಿಟ್ಟಿನಲ್ಲಿ ಹೋಗಿದ್ದರೂ ಮಗಳು ತನ್ನ ವಾರ ತಪ್ಪಿಸಲಿಲ್ಲ. ಅವಳು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಉಸಿರಿಗಾಗಿ ಬಾಯಿ ಬಿಡುತ್ತಿದ್ದೆನಂತೆ. ಆಸ್ಪತ್ರೆಯಲ್ಲಿ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದರು. ಅದರೊಳಗೆ ಗಾಳಿ ನುಗ್ಗುತ್ತಿದ್ದರೆ ಮಾತಾಡಲು ಆಗುವುದಿಲ್ಲ. ಕೈಗೆ ಸೂಜಿ, ಬರೆಯಲೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ನರ್ಸಮ್ಮ ಬಂದು ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ತಾತ, ನಾನು ಕೇಳಿದ್ದಕ್ಕೆ ಮಂಚಕ್ಕೆ ತಟ್ಟಿ. ಹೌದು ಅಂದ್ರೆ ಒಂದ್ ಸಲ, ಬೇಡ ಅಂದ್ರೆ ಎರಡ್ ಸಲ. ಗೊತ್ತಾಯ್ತಾ?" ನಾನು ತಲೆ ಆಡಿಸಿದೆ. ತಲೆ ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

"ಮಗಳು ಹೊರಗಿದ್ದಾರೆ, ಕರೀಲಾ?" ಅಂದಳು. ಕರಿ ತಾಯಿ, ಬೇಗ ಕರಿ ಎಂದು ಮಂಚದ ಕಂಬಿಗೆ ಎರಡು ತಟ್ಟಿದೆ.

"ಸರಿ" ಎಂದು ಏನೋ ಬರೆದುಕೊಂಡಳು. "ಮಗನೂ ಬಂದಿದ್ದಾರೆ. ಅವ್ರನ್ನ ಕರೀಲಾ?" ಎರಡು ತಟ್ಟಿದೆ. ಅದನ್ನೂ ಬರೆದುಕೊಂಡಳು. ಇವಳ್ಯಾಕೆ ಯಾರನ್ನೂ ಕರೆಯುತ್ತಿಲ್ಲ, ಅವರೇ ಬರಲು ಒಪ್ಪಲಿಲ್ಲವೇನೋ ಎಂದುಕೊಂಡು ಮಲಗಿದ್ದೆ. ನನಗೆ ಆಗ ಆದ ಸಂಕಟ ಉಸಿರಿನದ್ದಲ್ಲ.

ಮಧ್ಯಾಹ್ನ ಡಾಕ್ಟರಮ್ಮ ಬಂದರು. ಮಾಸ್ಕ್ ಸಾಲುತ್ತಿಲ್ಲ, ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಾಕಿದರೆ ಸೋಂಕು ಕಡಿಮೆಯಾಗುವ ತನಕ ದಾಟಿಸಬಹುದು, ಈ ಸಲ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದು ನಿಧಾನವಾಗಿ ವಿವರಿಸಿದರು. "ಹಾಕೋಣವಾ?" ಎಂದು ಕೇಳಿದರು. ಮಕ್ಕಳನ್ನು ನೋಡದೆ ಹೋಗುವವನಲ್ಲ ನಾನು. ಎಷ್ಟು ಗಟ್ಟಿಯಾಗಿ ಆಗುತ್ತದೋ ಅಷ್ಟು ಗಟ್ಟಿಯಾಗಿ ತಟ್ಟಿದೆ. ಎರಡು.

ಡಾಕ್ಟರಮ್ಮನ ಮುಖ ಇಳಿದುಹೋಯಿತು. ನನ್ನ ಹೆಗಲು ಸವರಿ ಹೊರಗೆ ಹೋದರು.

ಹೊರಗೆ ನಡೆದದ್ದನ್ನು ಆ ನರ್ಸಮ್ಮನೇ ಆಮೇಲೆ ಹೇಳಿದ್ದು. ಒಂದೇ ಬೆಂಚಿನ ಆ ತುದಿಗೆ ಮಗಳು, ಈ ತುದಿಗೆ ಮಗ, ನಡುವೆ ಮೂರು ಜನ ಕೂರುವಷ್ಟು ಜಾಗ. ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡುವುದಿಲ್ಲ ಅಂದಿದ್ದಾರೆ ಎಂದು ಬೆಳಿಗ್ಗೆಯಿಂದ ನಂಬಿಕೊಂಡು ಕೂತಿದ್ದರು. ಡಾಕ್ಟರಮ್ಮ ಹೋಗಿ, ನಿಮ್ಮ ತಂದೆ ಯಂತ್ರ ಬೇಡ ಅಂದಿದ್ದಾರೆ, ಸ್ಪಷ್ಟವಾಗಿ ಎರಡು ತಟ್ಟಿದರು, ಅವರ ಇಷ್ಟದಂತೆ ಬಿಡುವುದಾದರೆ ಇಲ್ಲಿ ಸಹಿ ಮಾಡಿ ಅಂದರು. ಮಗಳು ಪೆನ್ನು ತೆಗೆದುಕೊಂಡಳಂತೆ.

ಆಗ ಮಗ, "ಎಷ್ಟು ತಟ್ಟಿದ್ರು ಅಂದ್ರಿ?" ಅಂದ.

"ಎರಡು."

ಅವನು ಬೆಂಚಿನಿಂದ ಎದ್ದ. "ಅಕ್ಕಾ! ಎರಡು ಅಂದ್ರೆ ರೈಟ್ ಕಣೇ! ಅಪ್ಪ ಹೊರಡು ಅಂತಿದ್ದಾರೆ!"

ಐದು ವರ್ಷದ ಮೇಲೆ ಅವನು ಅವಳನ್ನು ಅಕ್ಕಾ ಎಂದದ್ದು. ಅವಳು ಪೆನ್ನು ಎಸೆದು ಓಡಿ ಬಂದಳು. ಅವನೂ ಓಡಿ ಬಂದ. ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದೆ. ಮಗಳು ನನ್ನ ಅಂಗೈ ಕೆಳಗೆ ಊಟದ ತಟ್ಟೆ ಹಿಡಿದಳು, ಯಾವ ರೋಗಿಯದೋ ಏನೋ. "ಅಪ್ಪ, ನಮ್ ಲೆಕ್ಕದಲ್ಲಿ ಹೇಳು. ಯಂತ್ರ ಹಾಕಿಸೋಣವಾ?" ತಟ್ಟೆಯ ಅಂಚಿಗೆ ಎರಡು ತಟ್ಟಿದೆ. ಅವಳು ಅಳುತ್ತಾ ನಗುತ್ತಾ ಡಾಕ್ಟರಮ್ಮನಿಗೆ ಹೇಳಿದಳು, "ಇನ್ನೊಂದು ಸೌಟು ಬೇಕಂತೆ."

ಆಮೇಲೆ ಐದು ದಿನ ನನಗೇನೂ ಗೊತ್ತಿಲ್ಲ.

ಕೈ ಸೋತಿತು. ಇವತ್ತಿಗೆ ಇಷ್ಟು.

ಏಪ್ರಿಲ್ ೨೦, ಭಾನುವಾರ

ಇಬ್ಬರೂ ಸರದಿಯಲ್ಲಿ ಬರುತ್ತಿದ್ದಾರೆ. ಒಬ್ಬರು ಹೋಗುವಾಗ ಇನ್ನೊಬ್ಬರಿಗೆ ಮಾತ್ರೆಯ ಹೊತ್ತು ಹೇಳುತ್ತಾರೆ. "ಮಧ್ಯಾಹ್ನದ್ದು ಆಯ್ತು." "ಸರಿ." ಅಷ್ಟರ ಮೇಲೆ ಒಂದಕ್ಷರವಿಲ್ಲ. ನಾನಿರುವ ತನಕ ಈ ಮಾತ್ರೆ ಇರುತ್ತದೆ. ಆಮೇಲೆ?

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿ ಕಳಿಸಿದ್ದಾರೆ. ಮುಂದಿನ ಸಲ ಯಂತ್ರ ಹಾಕಿದರೆ ತೆಗೆಯುವುದು ಕಷ್ಟವಾಗಬಹುದು, ಈಗಲೇ ಯೋಚಿಸಿ ಎಂದು.

ಹತ್ತೊಂಬತ್ತು ಪುಟ ಮತ್ತೆ ಓದಿದೆ. ಎಲ್ಲ ಇದೆ. ಬರೆಯಬೇಕಾಗಿದ್ದ ಒಂದು ಮಾತು ಬಿಟ್ಟು. ಅದನ್ನು ಈ ನೋಟ್‌ಬುಕ್ಕಿಗೂ ಇಷ್ಟು ದಿನ ಹೇಳಿಲ್ಲ. ಈಗ ಬರೆಯುತ್ತೇನೆ.

ಅವತ್ತು ಡಾಕ್ಟರು ಯಂತ್ರದ ಮಾತು ಎತ್ತುವ ಸ್ವಲ್ಪ ಮುಂಚೆ ನಾನೊಬ್ಬನೇ ನನ್ನಾಕೆಯ ಪಕ್ಕ ಕೂತಿದ್ದೆ. ಮಾತು ಹೋಗಿತ್ತು, ಎಡಗಡೆ ಪೂರ್ತಿ ಹೋಗಿತ್ತು. ಬಲಗೈ ನನ್ನ ಅಂಗೈಯಲ್ಲಿತ್ತು. "ಇನ್ನೂ ಏನೇನೋ ಮಾಡ್ತಾರಂತೆ ಕಣೇ" ಅಂದೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಬೆರಳೆತ್ತಿ ನನ್ನ ಅಂಗೈಗೆ ತಟ್ಟಿದಳು.

ಒಂದು.

ಇನ್ನೊಂದಕ್ಕಾಗಿ ಕಾದೆ. ಬಹಳ ಹೊತ್ತು ಕಾದೆ. ಬರಲಿಲ್ಲ. ಮತ್ತೆ ಕೇಳಿದೆ. ಮತ್ತೆ ಒಂದೇ.

ನನಗೆ ಅರ್ಥವಾಗಲಿಲ್ಲ ಅಂದರೆ ಸುಳ್ಳು. ಆ ಲೆಕ್ಕ ಅವಳಿಗೆ ಕಲಿಸಿದವನೇ ನಾನು. ಅವಳು ಇಳಿಯುವುದು ನನಗೆ ಬೇಕಿರಲಿಲ್ಲ, ಅಷ್ಟೇ. ಮಗ ಹಾಕಿಸೋಣ ಅಂದಾಗ ಒಳಗೊಳಗೇ ಬದುಕಿದೆ ಅನ್ನಿಸಿತು. ಅವನ ಹಟದ ಹಿಂದೆ ಅಡಗಿಕೊಂಡೆ. ಅವಳನ್ನು ಇಳಿಯುವ ಜಾಗ ದಾಟಿಸಿ ಹನ್ನೊಂದು ದಿನ ಕರೆದುಕೊಂಡು ಹೋದೆ.

ಏಪ್ರಿಲ್ ೨೭, ಭಾನುವಾರ

ಇಬ್ಬರನ್ನೂ ಒಂದೇ ಹೊತ್ತಿಗೆ ಬರಲು ಹೇಳಿದ್ದೆ. ಹೇಳಿದೆ.

ಪೀಠಿಕೆ ಹಾಕಲು ಹೋಗಲಿಲ್ಲ, ಉಸಿರಿಲ್ಲ. "ಅಮ್ಮ ನನ್ ಕೈಗೆ ಒಂದು ತಟ್ಟಿದ್ಲು. ಎರಡು ಸಲ ಕೇಳ್ದೆ, ಎರಡು ಸಲವೂ ಒಂದೇ ತಟ್ಟಿದ್ಲು. ನಾನು ನಿಮಗೆ ಹೇಳ್ಲಿಲ್ಲ" ಅಂದೆ.

ಮಗಳು ಬಾಯಿಗೆ ಕೈ ಹಿಡಿದಳು. ಮಗ ನನ್ನನ್ನೇ ನೋಡುತ್ತಿದ್ದ.

"ಹನ್ನೊಂದು ದಿನ ಅಪ್ಪ" ಅಂದ. "ಹನ್ನೊಂದು ದಿನ ಆ ಬೆಂಚ್ ಮೇಲೆ ಕೂತು, ನಾನ್ ಅಮ್ಮನ್ನ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ."

"ನಿನ್ ತಪ್ಪಲ್ಲ ಕಣೋ. ಸೀಟಿ ನನ್ ಕೈಲಿತ್ತು. ನಾನು ಊದ್ಲಿಲ್ಲ. ಸೀಟಿ ಕೇಳ್ದೇ ಇದ್ರೆ ಡ್ರೈವರ್ ಓಡಿಸ್ತಾನೇ ಇರ್ತಾನೆ, ಅದು ಅವನ ತಪ್ಪಾಗಲ್ಲ. ನೀನೂ ತಪ್ಪು ಮಾಡ್ಲಿಲ್ಲ, ಅವಳೂ ತಪ್ಪು ಮಾಡ್ಲಿಲ್ಲ. ಇಬ್ರೂ ಐದು ವರ್ಷ ನನ್ ತಪ್ಪಿಗೆ ಒಬ್ರನ್ನೊಬ್ರು ಬೈಕೊಂಡ್ರಿ."

ಎದ್ದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಬಂತು. ಮಗಳು ನನ್ನ ಕಡೆ ನೋಡ‍ದೆ ಅವನ ಹಿಂದೆ ಹೋದಳು. ನೀರಿನ ಸದ್ದಿನ ನಡುವೆ ಅವಳ ಧ್ವನಿ ಕೇಳಿಸಿತು. "ನಾನ್ ಅವತ್ತು ಬಾಗಿಲಲ್ಲಿ ಹಾಗನ್ನಬಾರ್ದಿತ್ತು ಕಣೋ." ಅವನು ಏನಂದನೋ ತಿಳಿಯಲಿಲ್ಲ.

ನನಗೆ ಹೇಳದೆ ಹಿಂಬಾಗಿಲಿಂದಲೇ ಹೋದ.

ಏಪ್ರಿಲ್ ೩೦, ಬುಧವಾರ

ಮಗ ಮೂರು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ಮಗಳಿಗೆ ಹೇಳಿದೆ.

"ನನ್ ಫೋನ್ ಎತ್ತಿದ್ದಾನೆ" ಅಂದಳು. "ನಿನ್ನೆ ಒಂದ್ ಗಂಟೆ ಮಾತಾಡಿದ್ವಿ."

"ಏನ್ ಮಾತಾಡಿದ್ರಿ?"

"ನಿನ್ನ ಬೈದ್ವಿ."

ಎಷ್ಟು ಸಮಾಧಾನವಾಯಿತು ಅಂದರೆ ಎರಡು ತುತ್ತು ಹೆಚ್ಚು ಉಂಡೆ.

ಹತ್ತೊಂಬತ್ತು ಪುಟಗಳನ್ನು ರದ್ದು ಮಾಡಿದೆ. ಒಂದು ಕಡೆ ಖಾಲಿ ಇದ್ದವನ್ನು ಮಗಳು ಶಾಲೆಗೆ ತೆಗೆದುಕೊಂಡು ಹೋದಳು, ಲೆಕ್ಕ ಮಾಡಲು ಮಕ್ಕಳಿಗಾಗುತ್ತದೆಯಂತೆ. ಡ್ರೈವರನಿಗೆ ಬರಲು ಹೇಳಿ ಕಳಿಸಿದ್ದೇನೆ, ಸಾಕ್ಷಿಯ ಸಹಿ ಬೇಕು. ಅವತ್ತು ಚಹಾ ಕೊಡದೆ ಕಳಿಸಿದ್ದನ್ನೂ ಸರಿ ಮಾಡಿಕೊಳ್ಳಬೇಕು.

ಮೇ ೪, ಭಾನುವಾರ

ಬೆಳಿಗ್ಗೆಯಿಂದ ಗೇಟಿನ ಕಡೆಗೇ ಕಿವಿ. ಬರುತ್ತಾನೋ ಇಲ್ಲವೋ. ಡ್ರೈವರ್ ಆಗಲೇ ಬಂದು ಎರಡನೇ ಲೋಟ ಚಹಾ ಕುಡಿಯುತ್ತಿದ್ದ. ಹತ್ತು ಗಂಟೆಗೆ ಮಗನ ಸ್ಕೂಟರ್ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು, ತೊಡೆಯ ಮೇಲೆ ಫೈಲು.

ಮಗ ಸೀದಾ ಬಂದು ನನ್ನ ಕನ್ನಡಕ ಕಿತ್ತುಕೊಂಡ. ತನ್ನ ಅಂಗಿಯ ತುದಿಯಿಂದ ಒರೆಸಿದ, ಒರೆಸುತ್ತಲೇ ಇದ್ದ. ಅದರಲ್ಲಿ ಅಷ್ಟು ಕೊಳೆ ಇರಲಿಲ್ಲ. "ಇನ್ನೂ ಸಿಟ್ಟಿದೆ" ಅಂದ. "ಇರ್ಲಿ" ಅಂದೆ. ಕನ್ನಡಕವನ್ನು ಜೋಪಾನವಾಗಿ ನನ್ನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಬೆರಳು ಹಾಕಿ ಸರಿಮಾಡಿದ.

ಮೂರನೆಯ ಪುಟ ತೆರೆದೆವು. "ಅವನ ಹೆಸರು ಹಾಕಪ್ಪ" ಅಂದಳು ಮಗಳು. "ಅಕ್ಕಂದೇ ಹಾಕು" ಅಂದ ಮಗ. "ಅವಳಿಗೆ ಎಣಿಸೋಕ್ ಬರುತ್ತೆ. ಪಕ್ಕದಲ್ಲಿ ನಾನಿರ್ತೀನಿ, ಅದಕ್ಕೆ ಫಾರಂ ಬೇಡ." ಮಗಳ ಹೆಸರು ಬರೆದೆ. ಇನ್ನು ಯಂತ್ರ ಬೇಡ, ಇದೇ ಕೋಣೆ, ಇದೇ ಕಿಟಕಿ, ನೋವು ಕಡಿಮೆ ಮಾಡುವುದಕ್ಕೆ ಏನು ಬೇಕೋ ಅದು. ಡ್ರೈವರ್ ಏನು ಎತ್ತ ಕೇಳದೆ ಸಹಿ ಹಾಕಿದ. ನನ್ನ ಎರಡಕ್ಕೆ ಗೇರು ಹಾಕಿ ಅಭ್ಯಾಸ ಅವನಿಗೆ.

ನಾಲ್ಕನೆಯ ಪುಟದ ಹಿಂದೆ ಖಾಲಿ ಇತ್ತು. ದಪ್ಪ ಪೆನ್ನು ತೆಗೆದುಕೊಂಡು, ಕಣ್ಣಲ್ಲಿ ನೀರಿದ್ದರೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ.

"ನಾನು ತಟ್ಟಿದರೆ ಎಣಿಸಿ. ಎರಡಾದರೆ ಹೊರಡಿ. ಒಂದಾದರೆ ನಿಲ್ಲಿಸಿ. ಕೈ ಏಳದಿದ್ದರೆ ಕಾಯಬೇಡಿ, ಈಗಲೇ ಒಂದು ತಟ್ಟಿದ್ದೇನೆ. ನಿಲ್ಲಿಸಿದವನು ನಾನು. ನೀವಿಬ್ಬರೂ ಅಲ್ಲ."

ಇಬ್ಬರೂ ಒಟ್ಟಿಗೆ ಬಗ್ಗಿ ಓದಿದರು. ಮಗಳು ಕಾಗುಣಿತ ನೋಡಲಿಲ್ಲ.

ಊಟ ಮುಗಿಸಿ ಹೊರಟರು. ಡ್ರೈವರನ ತೋಳು ಹಿಡಿದು ನಾನೂ ಗೇಟಿಗೆ ಬಂದೆ. ಇಳಿಯುವಾಗ ಮೂರನೇ ಮೆಟ್ಟಿಲ ಮೇಲೆ ನಿಂತೆ, ಹೂಕುಂಡ ನೋಡಲಿಲ್ಲ, ಉಸಿರಿಲ್ಲ ಸ್ವಲ್ಪ ನಿಲ್ಲಿ ಅಂದೆ, ನಿಂತರು. ಮಗ ಸ್ಕೂಟರ್ ಹತ್ತಿದ, ಮಗಳು ಹಿಂದೆ ಕೂತು ಅವನ ಹೆಗಲು ಹಿಡಿದುಕೊಂಡಳು. ಹೊರಡಲಿಲ್ಲ. ಇಂಜಿನ್ ಓಡುತ್ತಿತ್ತು, ಮಗ ಹಿಂತಿರುಗಿ ನೋಡದೆ ಹಾಗೇ ಕೂತಿದ್ದ. ಏನಾಯಿತು ಇವನಿಗೆ ಎಂದುಕೊಂಡೆ. "ಅಪ್ಪ, ಹೂಂ ಅನ್ನು ಮತ್ತೆ" ಅಂದಳು ಮಗಳು.

ಹಿಂದಿನ ಸೀಟಿನ ಕಂಬಿಗೆ ಎರಡು ತಟ್ಟಿದೆ. ಹೊರಟರು.